ಚೀನೀ ಭಾಷಿಕರಿಗೆ ಇಂಗ್ಲಿಷಿನ ಚಾನ್ಸ್, ಆಪರ್ಚುನಿಟಿ, ರಿಸ್ಕ್: ಅರ್ಥ ಗೊತ್ತಿದ್ದೂ ವಾಕ್ಯ ತಪ್ಪೋದು ಯಾಕೆ?

ಅಲ್ಪವಿರಾಮ:
ಚೀನೀ ಮಾತಾಡುವ ವಯಸ್ಕರಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಹೇಳಿಕೊಡುವವರು ಇಲ್ಲಿ ಕೆಲವರಾದರೂ ಇದ್ದೀರಿ, ಚೀನೀ ಚೆನ್ನಾಗಿ ಬಲ್ಲವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸಂಭವ, ಅವಕಾಶ, ಅಪಾಯ, ಈ ಮೂರರ ಸುತ್ತಲಿನ ಪದಗಳಿಗೆ 45 ನಿಮಿಷದ ಎರಡು ತರಗತಿ ಇಟ್ಟಿದೆ. ಮಧ್ಯಮ ಹಂತದ ಎಂಟು ಜನ. ಹೋಂವರ್ಕಿನಲ್ಲಿ ಮತ್ತೆ ಮತ್ತೆ ಬರುವ ವಾಕ್ಯಗಳು ಈ ಥರದವು:

‘ಹಿ ಈಸ್ ಪಾಸಿಬಲ್ ಟು ಕಮ್ ಟುಮಾರೋ.’
‘ಸ್ಮೋಕರ್ಸ್ ಹ್ಯಾವ್ ಬಿಗ್ ಆಪರ್ಚುನಿಟಿ ಟು ಗೆಟ್ ಕ್ಯಾನ್ಸರ್.’
‘ಐ ಆಮ್ ಈಸಿ ಟು ಕ್ಯಾಚ್ ಎ ಕೋಲ್ಡ್.’
‘ಐ ಡೋಂಟ್ ವಾಂಟ್ ಟು ಅಡ್ವೆಂಚರ್ ವಿತ್ ಮೈ ಮನಿ.’
‘ದ ಕಾರ್ ಕೇಮ್ ವೆರಿ ಫಾಸ್ಟ್, ಐ ವಾಸ್ ವೆರಿ ಡೇಂಜರಸ್.’

ಒಂದೊಂದು ಪದದ ಅರ್ಥ ಕೇಳಿದರೆ ಥಟ್ ಅಂತ ಸರಿಯಾಗಿ ಹೇಳುತ್ತಾರೆ. ವಾಕ್ಯ ಮಾಡುವಾಗ ಕೈಕೊಡುತ್ತೆ. ಪದಪಟ್ಟಿ ಕೊಟ್ಟು ಉಪಯೋಗವಿಲ್ಲ ಅನ್ನುವಷ್ಟು ಗೊತ್ತಾಗಿದೆ. ಹಾಗಾದರೆ ಏನು ಕೊಡಬೇಕು?

ಹಳೇಸೇತುವೆ:
ಐದು ವಾಕ್ಯಕ್ಕೂ ಬೇರು ಬೇರೆ ಬೇರೆ ಕಡೆ ಇದೆ. ಒಂದೇ ಔಷಧ ಕೊಟ್ಟರೆ ಆಗಲ್ಲ.

ಮೊದಲನೆಯದರ ಹಿಂದೆ ಇರೋದು ‘ಖ-ನಂಗ್’. ಚೀನಿಯಲ್ಲಿ ಇದೊಂದೇ ಪದ ಮೂರು ಕೆಲಸ ಮಾಡುತ್ತೆ. ‘ತಾ ಖ-ನಂಗ್ ಲಾಯ್’ ಅಂದರೆ ಅವನು ಬರಬಹುದು. ಇಲ್ಲಿ ಅದು ನಮ್ಮ ‘ಬಹುದು’. ‘ಝ ಖ-ನಂಗ್ ಮಾ’ ಅಂದರೆ ಇದು ಸಾಧ್ಯವೇ; ಇಲ್ಲಿ ವಿಶೇಷಣ. ‘ಯೋವ್ ಖ-ನಂಗ್’ ಅಂದರೆ ಸಾಧ್ಯತೆ ಇದೆ; ಇಲ್ಲಿ ನಾಮಪದ. ಪದದ ರೂಪ ಎಲ್ಲೂ ಬದಲಾಗಲ್ಲ. ನಿಘಂಟು ತೆಗೆದರೆ ಮೇಬಿ, ಪಾಸಿಬಲ್, ಪಾಸಿಬಿಲಿಟಿ ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಕಲಿಯುವವರು ಯಾವುದಾದರೂ ಒಂದನ್ನ ಎತ್ತಿ ‘ಖ-ನಂಗ್’ ಇದ್ದ ಜಾಗಕ್ಕೇ ಇಡುತ್ತಾರೆ. ಅದರಿಂದ ಮೂರು ಮಾದರಿಯ ತಪ್ಪು: ‘ಹಿ ಮೇಬಿ ಕಮ್’, ‘ಹಿ ಈಸ್ ಪಾಸಿಬಲ್ ಟು ಕಮ್’, ‘ಇಟ್ ಹ್ಯಾಸ್ ಪಾಸಿಬಲ್ ಟು ರೇನ್’. ಮೂರಕ್ಕೂ ತಾಯಿ ಒಂದೇ.

ಗೊಂದಲ ಹೆಚ್ಚಿಸೋದು ‘ಲೈಕ್ಲಿ’. ‘ಹಿ ಈಸ್ ಲೈಕ್ಲಿ ಟು ಕಮ್’ ಸರಿ, ಆದರೆ ಅದೇ ಅಚ್ಚಿನಲ್ಲಿ ‘ಪಾಸಿಬಲ್’ ಸುರಿದರೆ ತಪ್ಪು. ಇದಕ್ಕೆ ಕಾರಣ ಹುಡುಕಿ ವಿವರಿಸೋಕೆ ಹೋಗಬೇಡಿ, ಎರಡು ಚೌಕಟ್ಟು ಕೊಡಿ.

ಮನುಷ್ಯನನ್ನೇ ಕರ್ತೃ ಮಾಡಿಕೊಂಡು ‘ಈಸ್ … ಟು’ ಚೌಕಟ್ಟಿಗೆ ಹೋಗುವವು: ಲೈಕ್ಲಿ, ಅನ್‌ಲೈಕ್ಲಿ, ಸರ್ಟನ್, ಶೂರ್, ಬೌಂಡ್. ಹೋಗದವು: ಪಾಸಿಬಲ್, ಪ್ರಾಬಬಲ್.

‘ಇಟ್ ಈಸ್ … ದಟ್’ ಚೌಕಟ್ಟಿಗೆ ಹೋಗುವವು: ಪಾಸಿಬಲ್, ಪ್ರಾಬಬಲ್, ಲೈಕ್ಲಿ, ಅನ್‌ಲೈಕ್ಲಿ, ಸರ್ಟನ್. ಹೋಗದವು: ಶೂರ್, ಬೌಂಡ್.

ಲೈಕ್ಲಿ, ಸರ್ಟನ್ ಎರಡು ಮನೆಯಲ್ಲೂ ಊಟ ಮಾಡುತ್ತವೆ. ಇಷ್ಟನ್ನ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಒಂದು ಗುಂಡಿ ಮಾತ್ರ ತೋರಿಸಿಬಿಡಿ. ‘ಇಟ್ ಈಸ್ ಪಾಸಿಬಲ್ ಫಾರ್ ಹಿಮ್ ಟು ಕಮ್’ ವ್ಯಾಕರಣಕ್ಕೆ ಸರಿ, ಆದರೆ ಅರ್ಥ ಬೇರೆ. ಬರೋಕೆ ಅನುಕೂಲ ಇದೆ, ಬಸ್ಸಿದೆ, ರಜೆ ಇದೆ ಅಂತ. ಬಂದರೂ ಬರಬಹುದು ಅನ್ನೋದಕ್ಕೆ ‘ಹಿ ಮೇ ಕಮ್’ ಸಾಕು. ‘ಹಿ ಈಸ್ ಇಂಪಾಸಿಬಲ್’ ಅಂದುಬಿಟ್ಟರಂತೂ ಇವನ ಜೊತೆ ಏಗೋಕೇ ಆಗಲ್ಲ ಅಂತಾಗುತ್ತೆ.

ಮೂರನೆಯದು ‘ರೋಂಗ್-ಯಿ’. ಸುಲಭ ಅನ್ನುವ ಅರ್ಥದ ಜೊತೆಗೆ ‘ಬೇಗ ಹಾಗಾಗಿಬಿಡುತ್ತೆ’ ಅನ್ನುವ ಅರ್ಥವೂ ಅದಕ್ಕಿದೆ. ಇಂಗ್ಲಿಷಿನಲ್ಲಿ ‘ಈಸಿ ಟು ಕ್ಯಾಚ್’ ಅಂದಾಗ ಕರ್ತೃಸ್ಥಾನದಲ್ಲಿ ಕೂರೋದು ಹಿಡಿಯಲ್ಪಡುವ ವಸ್ತು. ‘ಎ ಕೋಲ್ಡ್ ಈಸ್ ಈಸಿ ಟು ಕ್ಯಾಚ್’ ಸರಿ. ‘ಐ ಆಮ್ ಈಸಿ ಟು ಕ್ಯಾಚ್’ ಅಂದರೆ ನನ್ನನ್ನ ಹಿಡಿಯೋದು ಸುಲಭ ಅಂತ ಕಳ್ಳ ಒಪ್ಪಿಕೊಂಡ ಹಾಗೆ. ಬದಲಿಗೆ ‘ಐ ಕ್ಯಾಚ್ ಕೋಲ್ಡ್ಸ್ ಈಸಿಲಿ’, ಇಲ್ಲವೇ ‘ಐ ಆಮ್ ಪ್ರೋನ್ ಟು ಕೋಲ್ಡ್ಸ್’. ‘ಪ್ರೋನ್’ ಕೆಟ್ಟದ್ದಕ್ಕೆ ಮಾತ್ರ. ಪ್ರೋನ್ ಟು ಸಕ್ಸಸ್ ಅನ್ನೋದಿಲ್ಲ.

ಉಳಿದ ಮೂರು ಬೇರೆಯವರು ಹೇಳಲಿ.

ಗಿರಗಿಟ್ಲೆ:
ಎರಡನೆಯದು ನನಗಿರಲಿ. ಚೀನಿಯ ‘ಜಿ-ಹ್ವೇಯ್’ ಚಾನ್ಸೂ ಹೌದು, ಆಪರ್ಚುನಿಟಿಯೂ ಹೌದು. ಇಂಗ್ಲಿಷಿನಲ್ಲಿ ನಾಮಪದ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಬರೋದು ಒಳ್ಳೇದಾ, ಕೆಟ್ಟದ್ದಾ, ಎರಡೂ ಅಲ್ಲವಾ?

ಒಳ್ಳೇದು, ಮಾಡೋದು ಬಿಡೋದು ನಮ್ಮ ಕೈಯಲ್ಲಿದೆ ಅಂದರೆ ಆಪರ್ಚುನಿಟಿ. ಕೆಟ್ಟದ್ದಾದರೆ ರಿಸ್ಕ್. ಯಾವುದೇ ಬಣ್ಣವಿಲ್ಲದೆ ಬರೀ ಆಗುತ್ತೋ ಇಲ್ಲವೋ ಅನ್ನೋದಾದರೆ ಪಾಸಿಬಿಲಿಟಿ, ಪ್ರಾಬಬಿಲಿಟಿ, ಲೈಕ್ಲಿಹುಡ್. ‘ಚಾನ್ಸ್’ ಮಾತ್ರ ಎಲ್ಲ ಕಡೆ ಓಡಾಡುವ ಪದ, ಆದರೆ ಅದರ ಬಾಲ ನೋಡಬೇಕು. ‘ಎ ಚಾನ್ಸ್ ಟು ಸ್ಪೀಕ್’ ಅಂದರೆ ಅವಕಾಶ. ‘ಎ ಚಾನ್ಸ್ ಆಫ್ ರೇನ್’, ‘ಎ ಚಾನ್ಸ್ ಆಫ್ ವಿನ್ನಿಂಗ್’, ‘ಎ ಚಾನ್ಸ್ ದಟ್…’ ಅಂದರೆ ಸಂಭವ. ‘ಟು’ ಬಂದರೆ ಅವಕಾಶ, ‘ಆಫ್’ ಬಂದರೆ ಸಂಭವ. ನೂರಕ್ಕೆ ನೂರು ಅಲ್ಲ, ಮಧ್ಯಮ ಹಂತಕ್ಕೆ ಸಾಕು. ‘ಪಾಸಿಬಿಲಿಟಿ’ಗೂ ‘ಆಫ್’ ಬಾಲವೇ; ‘ಪಾಸಿಬಿಲಿಟಿ ಟು’ ಅಂತ ಬರೆದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ.

ಇನ್ನೊಂದು ದೊಡ್ಡ ತಲೆನೋವು ‘ದೊಡ್ಡ’. ಚೀನಿಯಲ್ಲಿ ಸಾಧ್ಯತೆ, ಅವಕಾಶ, ಅಪಾಯ ಎಲ್ಲಕ್ಕೂ ‘ಹನ್ ದಾ’, ತುಂಬ ದೊಡ್ಡದು ಅಂದರೆ ನಡೆಯುತ್ತೆ. ಇಂಗ್ಲಿಷಿನಲ್ಲಿ ಒಂದೊಂದು ನಾಮಪದಕ್ಕೂ ಒಂದೊಂದು ನೆಂಟಸ್ತಿಕೆ. ಪಾಸಿಬಿಲಿಟಿಗೆ ಸ್ಟ್ರಾಂಗ್, ರಿಯಲ್, ಡಿಸ್ಟಿಂಕ್ಟ್. ಕಡಿಮೆಯಾದರೆ ರಿಮೋಟ್, ಸ್ಲೈಟ್. ಪ್ರಾಬಬಿಲಿಟಿಗೆ, ಲೈಕ್ಲಿಹುಡ್‌ಗೆ ಹೈ, ಲೋ. ಚಾನ್ಸ್‌ಗೆ ಗುಡ್, ಫೇರ್, ಫಿಫ್ಟಿ-ಫಿಫ್ಟಿ, ಸ್ಲಿಮ್. ರಿಸ್ಕ್‌ಗೆ ಹೈ, ಸೀರಿಯಸ್, ಲೋ. ಆಪರ್ಚುನಿಟಿಗೆ ಗ್ರೇಟ್, ರೇರ್, ಗೋಲ್ಡನ್. ‘ಗುಡ್ ಚಾನ್ಸ್’ ಅನ್ನೋದರಲ್ಲಿ ಗುಡ್ ಅಂದರೆ ಒಳ್ಳೇದಲ್ಲ, ಹೆಚ್ಚು ಅಂತ. ಅದಕ್ಕೇ ‘ಎ ಗುಡ್ ಚಾನ್ಸ್ ಆಫ್ ಫೇಲಿಂಗ್’ ಅಂತಲೂ ಅನ್ನಬಹುದು. ಇದನ್ನ ಕೇಳಿ ಕಕ್ಕಾಬಿಕ್ಕಿ ಆಗುತ್ತಾರೆ, ಒಮ್ಮೆ ನಗಿಸಿ ಮುಂದೆ ಹೋಗಿ. ನಗಿಸೋಕೆ ಇನ್ನೊಂದು: ‘ಸ್ಲಿಮ್ ಚಾನ್ಸ್’ ಅಂದರೆ ಸಂಭವ ಕಡಿಮೆ, ‘ಫ್ಯಾಟ್ ಚಾನ್ಸ್’ ಅಂದರೂ ಆಗೋ ಮಾತೇ ಅಲ್ಲ. ಸಣಕಲೂ ದಪ್ಪವೂ ಒಂದೇ ಕಡೆಗೆ! ಎರಡನೆಯದು ಅಣಕದ ಮಾತು, ಪರೀಕ್ಷೆಯಲ್ಲಿ ಬರೆಯೋಕಲ್ಲ.

ಅವಕಾಶವನ್ನ ಹಿಡಿಯೋದೂ ಹಾಗೇ. ಚೀನಿಯ ‘ಝ್ವಾ-ಝು ಜಿ-ಹ್ವೇಯ್’ ಅಕ್ಷರಶಃ ಗಟ್ಟಿಯಾಗಿ ಹಿಡಿದುಕೊ. ಅದು ‘ಕ್ಯಾಚ್ ದ ಆಪರ್ಚುನಿಟಿ’ ಆಗಿ ಬರುತ್ತೆ. ಟೇಕ್, ಸೀಝ್, ಗ್ರ್ಯಾಬ್ ಈ ಮೂರರಲ್ಲಿ ಒಂದು ಬರಲಿ.

ಜೋಳದರೊಟ್ಟಿ:
ಇಷ್ಟೆಲ್ಲಾ ಚೌಕಟ್ಟು, ಬಾಲ, ನೆಂಟಸ್ತಿಕಿ ಯಾಕ್ರಿ? ಸೊನ್ನಿಯಿಂದ ನೂರರ ತನಕಾ ಒಂದು ಗೆರೀ ಎಳೀರಿ. ಮಸ್ಟ್ ಅಂದ್ರ 95, ಪ್ರಾಬಬ್ಲಿ 75, ಮೇ 50, ಮೈಟ್ 30. ಲೆಕ್ಕ ಅಂದ್ರ ಚೀನಾದವ್ರಿಗೆ ನೀರು ಕುಡದಂಗ. ಮುಗೀತು.

ಹಳೇಸೇತುವೆ:
ಜೋಳದರೊಟ್ಟಿಯವರೇ, ಆ ಗೆರೆ ನೋಡೋಕೆ ಚಂದ, ಆದರೆ ಎರಡು ತೊಂದರೆ.

ಒಂದು, ‘ಹಿ ಈಸ್ ಪಾಸಿಬಲ್ ಟು ಕಮ್’ ಅಂತ ಬರೆದವರಿಗೆ ಎಷ್ಟು ಶೇಕಡಾ ಅಂತ ಚೆನ್ನಾಗಿಯೇ ಗೊತ್ತಿತ್ತು. ತಪ್ಪಿದ್ದು ಪ್ರಮಾಣ ಅಲ್ಲ, ಪದ ಕೂರುವ ಜಾಗ.

ಎರಡು, ಆ ಅಂಕಿಗಳು ಇಂಗ್ಲಿಷಿನವರ ತಲೆಯಲ್ಲೇ ಒಂದಾಗಿಲ್ಲ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಶರ್ಮನ್ ಕೆಂಟ್ 1964ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. 1951ರಲ್ಲಿ ಯುಗೊಸ್ಲಾವಿಯದ ಮೇಲೆ ದಾಳಿ ಆಗುವುದು ‘ಸೀರಿಯಸ್ ಪಾಸಿಬಿಲಿಟಿ’ ಅಂತ ಅವರ ತಂಡವೇ ವರದಿ ಕೊಟ್ಟಿತ್ತು. ಕೆಂಟ್ ಮನಸ್ಸಿನಲ್ಲಿ ಇದ್ದದ್ದು 65ಕ್ಕೆ 35, ಅಂದರೆ ದಾಳಿ ಆಗುವ ಸಂಭವ ನೂರಕ್ಕೆ 65. ಒಟ್ಟಿಗೆ ಕೂತು ಅದೇ ವಾಕ್ಯಕ್ಕೆ ಒಪ್ಪಿದ್ದ ಸಹೋದ್ಯೋಗಿಗಳನ್ನ ಒಬ್ಬೊಬ್ಬರನ್ನಾಗಿ ಕೇಳಿದರೆ ಉತ್ತರ 20ಕ್ಕೆ 80ರಿಂದ 80ಕ್ಕೆ 20ರವರೆಗೂ ಹರಡಿಕೊಂಡಿತ್ತು. ಅವರೆಲ್ಲ ಇಂಗ್ಲಿಷಿನಲ್ಲೇ ವರದಿ ಬರೆಯುವವರು! ಹಾಗಿರುವಾಗ ಮೇ 50, ಮೈಟ್ 30 ಅಂತ ಬಾಯಿಪಾಠ ಮಾಡಿಸೋದರಲ್ಲಿ ಅರ್ಥವಿಲ್ಲ. ದಿನದ ಬಳಕೆಯಲ್ಲಿ ಮೇ, ಮೈಟ್ ನಡುವೆ ಅಂಥ ಅಳತೆಯ ಅಂತರ ಇಲ್ಲ.

ಅಂಕಿ ನಿಜವಾಗಿ ಬೇಕಾಗುವ ಜಾಗ ಇದೆ, ಅದು ಯಾರಾದರೂ ಅಳತೆ ಮೊದಲೇ ನಿಗದಿ ಮಾಡಿರುವ ಕಡೆ. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಯಲ್ಲಿ ‘ಲೈಕ್ಲಿ’ ಅಂದರೆ 66ರಿಂದ 100, ‘ವೆರಿ ಲೈಕ್ಲಿ’ 90ರಿಂದ 100, ‘ಅನ್‌ಲೈಕ್ಲಿ’ 0ರಿಂದ 33, ‘ವರ್ಚುವಲಿ ಸರ್ಟನ್’ 99ರ ಮೇಲೆ. ಯುರೋಪಿನ ಔಷಧಿ ಪೊಟ್ಟಣದ ಚೀಟಿಯಲ್ಲಿ ‘ಕಾಮನ್’ ಅಡ್ಡಪರಿಣಾಮ ಅಂದರೆ 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರಿಗೆ, ‘ರೇರ್’ ಅಂದರೆ 10,000ದಲ್ಲಿ ಒಬ್ಬರಿಂದ 1,000ದಲ್ಲಿ ಒಬ್ಬರಿಗೆ. ‘ಕಾಮನ್’ ನೋಡಿ ಎಲ್ಲರಿಗೂ ಆಗುತ್ತೆ ಅಂತ ಹೆದರಿ ಮಾತ್ರೆ ಬಿಡುವವರು ಎಲ್ಲ ದೇಶದಲ್ಲೂ ಇದ್ದಾರೆ. ವೈದ್ಯಕೀಯ, ವಿಜ್ಞಾನದ ಕಡೆ ಕೆಲಸ ಮಾಡುವ ವಿದ್ಯಾರ್ಥಿ ಇದ್ದರೆ ಈ ಭಾಗ ಕೊಡಿ. ಉಳಿದವರಿಗೆ ಬೇಡ.

ಜೋಳದರೊಟ್ಟಿ:
ಒಪ್ಪಿದೆ. ಆದ್ರ ಕೆಂಟ್ ಕಥಿ ತರಗತಿಗೆ ಆಟ ಆಗ್ತದಲ್ಲ! ಎಂಟು ಪದ ಕೊಡ್ರಿ, ಎಲ್ಲಾರೂ ತಮ್ಮ ಅಂಕಿ ಚೀಟಿ ಮ್ಯಾಲೆ ಬರೀಲಿ, ಒಮ್ಮೆಗೇ ತೋರಸ್ಲಿ. ಮೊದಲು ಚೀನೀ ಪದದ್ದು, ಆಮ್ಯಾಲೆ ಇಂಗ್ಲಿಷಿಂದು. ತಮ್ಮ ಭಾಷಾದಾಗೂ ಒಬ್ಬೊಬ್ರದು ಒಂದೊಂದು ಅಂತ ಕಂಡಮ್ಯಾಲೆ ‘ಸರಿ ಉತ್ತರ ಯಾವುದ್ರಿ’ ಅಂತ ಕೇಳೋದು ಬಿಡ್ತಾರ.

ಹಳೇಸೇತುವೆ:
ಅದು ಚೆನ್ನಾಗಿದೆ, ಹತ್ತು ನಿಮಿಷ ಕೊಡಬಹುದು.

ಪ್ರಮಾಣದ ವಿಷಯದಲ್ಲಿ ನಿಜವಾದ ತಪ್ಪು ಬೇರೆ ಕಡೆ ಆಗುತ್ತಿದೆ: ‘ಹ್ವೇಯ್’. (‘ಜಿ-ಹ್ವೇಯ್’ ಒಳಗಿನ ಅಕ್ಷರವೇ.) ‘ಶಿ-ಯೆನ್ ಹ್ವೇಯ್…’ ಅಂತ ಶುರುವಾಗುವ ವಾಕ್ಯ, ಧೂಮಪಾನದಿಂದ ಕ್ಯಾನ್ಸರ್ ಬರುತ್ತೆ. ಇಲ್ಲಿ ಹ್ವೇಯ್ ‘ಹಾಗಾಗುವಂಥದ್ದು’ ಅಂತ ಹೇಳುತ್ತೆ ಹೊರತು ಎಲ್ಲರಿಗೂ ಖಂಡಿತ ಬರುತ್ತೆ ಅಂತಲ್ಲ. ಅದನ್ನ ‘ಸ್ಮೋಕಿಂಗ್ ವಿಲ್ ಕಾಸ್ ಕ್ಯಾನ್ಸರ್’ ಅಂತ ಬರೆದರೆ ಇಂಗ್ಲಿಷಿನಲ್ಲಿ ಭವಿಷ್ಯ ನುಡಿದ ಹಾಗೆ ಕೇಳುತ್ತೆ. ಬೇಕಾದದ್ದು ‘ಕ್ಯಾನ್’. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಎರಡನೇ ಬರವಣಿಗೆಯ ಪ್ರಬಂಧದಲ್ಲಿ ‘ವಿಲ್’ ಇರುವ ಪ್ರತಿ ವಾಕ್ಯಕ್ಕೂ ‘ನೂರಕ್ಕೆ ನೂರು ಜನಕ್ಕಾ?’ ಅಂತ ಕೇಳಿಸಿ. ಅಲ್ಲ ಅಂದರೆ ಕ್ಯಾನ್, ಮೇ, ಟೆಂಡ್ ಟು, ಈಸ್ ಲೈಕ್ಲಿ ಟು ಇವುಗಳಲ್ಲೊಂದು. ಹಾಂಗ್‌ಕಾಂಗಿನ ವಿದ್ಯಾರ್ಥಿಗಳ ಬರಹವನ್ನ ಬ್ರಿಟಿಷ್ ವಿದ್ಯಾರ್ಥಿಗಳ ಬರಹದ ಜೊತೆ ಇಟ್ಟು 1997ರಲ್ಲಿ ಕೆನ್ ಹೈಲ್ಯಾಂಡ್, ಜಾನ್ ಮಿಲ್ಟನ್ ಮಾಡಿದ ಅಧ್ಯಯನದಲ್ಲೂ ಕಂಡದ್ದು ಇದೇ: ಹಾಂಗ್‌ಕಾಂಗಿನವರ ಮಾತು ಹೆಚ್ಚು ಖಡಾಖಂಡಿತ, ಅನುಮಾನದ ಪದಗಳ ಸಂಗ್ರಹ ಚಿಕ್ಕದು.

ಅಲ್ಪವಿರಾಮ:
ತುಂಬ ಉಪಕಾರ. ನಿಷೇಧದಲ್ಲೂ ಎಡವುತ್ತಾರೆ. ‘ಹಿ ಮಸ್ಟ್ ನಾಟ್ ಬಿ ಅಟ್ ಹೋಮ್, ದ ಲೈಟ್ ಈಸ್ ಆಫ್’ ಅಂತ. ಇನ್ನೊಬ್ಬರು ‘ಎಕ್ಸ್‌ಪೆನ್ಸಿವ್ ಥಿಂಗ್ಸ್ ಆರ್ ಸರ್ಟನ್ಲಿ ನಾಟ್ ಗುಡ್’ ಅಂತ ಬರೆದು, ದುಬಾರಿಯದೆಲ್ಲ ಚೆನ್ನಾಗೇ ಇರಬೇಕು ಅಂತೇನಿಲ್ಲ ಅಂತ ಹೇಳಬೇಕಿತ್ತು ಅಂದರು. ಅರ್ಥವೇ ತಲೆಕೆಳಗು.

ಗಿರಗಿಟ್ಲೆ:
ಎರಡಕ್ಕೂ ಮೂಲ ‘ಯಿ-ದಿಂಗ್’, ಖಂಡಿತ ಅನ್ನುವ ಪದ. ಚೀನಿಯಲ್ಲಿ ‘ಬು’, ಅಂದರೆ ಅಲ್ಲ ಅನ್ನೋದು, ಪದದ ಮುಂಚೆ ಬಂತೋ ಆಮೇಲೆ ಬಂತೋ ಅನ್ನೋದೇ ಎಲ್ಲ. ‘ಬು ಯಿ-ದಿಂಗ್ ಹಾವ್’: ಚೆನ್ನಾಗೇ ಇರುತ್ತೆ ಅಂತೇನಿಲ್ಲ. ‘ಯಿ-ದಿಂಗ್ ಬು ಹಾವ್’: ಖಂಡಿತ ಚೆನ್ನಾಗಿಲ್ಲ. ‘ಖ-ನಂಗ್ ಬು ಲಾಯ್’: ಬರದೇ ಇರಬಹುದು. ‘ಬು ಖ-ನಂಗ್ ಲಾಯ್’: ಬರೋ ಮಾತೇ ಇಲ್ಲ. ಈ ನಾಲ್ಕನ್ನ ಬೋರ್ಡಿನ ಮೇಲೆ ಬರೆದು ಎದುರಿಗೆ ಇಂಗ್ಲಿಷ್ ಹಾಕಿ: ನಾಟ್ ನೆಸಸರಿಲಿ, ಡೆಫಿನೆಟ್ಲಿ ನಾಟ್, ಮೇ ನಾಟ್, ಕಾಂಟ್ ಪಾಸಿಬ್ಲಿ. ‘ನಾಟ್ ನೆಸಸರಿಲಿ’ ಅನ್ನುವ ಜೋಡಿ ಅವರಿಗೆ ಚಿನ್ನದ ಹಾಗೆ, ಯಾಕಂದರೆ ‘ಬು ಯಿ-ದಿಂಗ್’ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು.

‘ಮಸ್ಟ್’ ಕಥೆ ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ‘ಮನೇಲಿರಬೇಕು’ ಅಂದರೆ ಊಹೆಯೂ ಹೌದು, ಕಟ್ಟಪ್ಪಣೆಯೂ ಹೌದು. ಕನ್ನಡದ ‘ಬೇಕು’, ಇಂಗ್ಲಿಷಿನ ಮಸ್ಟ್ ಈ ವಿಷಯದಲ್ಲಿ ಜೋಡಿ. ಆದರೆ ನಿಷೇಧಕ್ಕೆ ಬಂದಾಗ, ಬ್ರಿಟಿಷ್ ಇಂಗ್ಲಿಷಿನಲ್ಲಿ ಮಸ್ಟ್ ನಾಟ್ ಸಾಮಾನ್ಯವಾಗಿ ಕಟ್ಟಪ್ಪಣೆ, ಅಂದರೆ ‘ಇರಕೂಡದು’; ಅಮೆರಿಕದವರು ಊಹೆಗೂ ಹೇಳುತ್ತಾರೆ. ಊಹೆಗೆ ‘ಕಾಂಟ್’: ‘ಹಿ ಕಾಂಟ್ ಬಿ ಅಟ್ ಹೋಮ್’. ಜೋಡಿಯಾಗಿ ಕಲಿಸಿ: ಊಹೆಯ ಮಸ್ಟ್‌ಗೆ ವಿರುದ್ಧ ಕಾಂಟ್.

ಅಡ್ಡಮಾತು: ಕನ್ನಡದಲ್ಲಿ ಸಂಭವಕ್ಕೆ ಕ್ರಿಯಾಪದದ ಒಂದು ಪೂರ್ತಿ ರೂಪವೇ ಇದೆ. ಬಂದಾನು, ಬಂದೀತು, ‘ಜೋಕೆ, ಬಿದ್ದೀಯ’. ಕೊನೆಯದರಲ್ಲಿ ಸಂಭವ, ಅಪಾಯ, ಎಚ್ಚರಿಕೆ ಮೂರೂ ಒಂದೇ ಪದದಲ್ಲಿ. ಇಂಗ್ಲಿಷಿನವರು ಇದಕ್ಕೆ ‘ಮೈಟ್’ ಹಾಕಿ ಅರ್ಧ ದಾರಿ ಬರುತ್ತಾರೆ ಅಷ್ಟೆ.

ನಾಳೆನೋಡೋಣ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಚೀನೀ ಭಾಷೆಯಲ್ಲಿ ಕ್ರೈಸಿಸ್ ಅನ್ನುವ ಪದದಲ್ಲಿ ಅಪಾಯ, ಅವಕಾಶ ಎರಡೂ ಅಕ್ಷರ ಸೇರಿವೆಯಂತಲ್ಲ. ಪಾಠ ಅದರಿಂದಲೇ ಶುರು ಮಾಡಿದರೆ ಎಷ್ಟು ಸೊಗಸು!

ಹಳೇಸೇತುವೆ:
ದಯವಿಟ್ಟು ಬೇಡ. ‘ವೇಯ್-ಜಿ’ಯ ಮೊದಲ ಅಕ್ಷರ ಅಪಾಯ, ಸರಿ. ಎರಡನೆಯ ‘ಜಿ’ ಇಲ್ಲಿ ಅವಕಾಶ ಅಲ್ಲ, ಸನ್ನಿವೇಶ ತಿರುಗುವ ನಿರ್ಣಾಯಕ ಗಳಿಗೆ. ಆ ಅಕ್ಷರದ ಹಳೆಯ ಅರ್ಥ ಬಿಲ್ಲುಯಂತ್ರದ ಬಾಣ ಬಿಡಿಸುವ ಕೀಲು. ಅಲ್ಲಿಂದ ಯಂತ್ರಕ್ಕೆ ಬಂತು. ‘ಫೇಯ್-ಜಿ’ ವಿಮಾನ, ‘ಶೋವ್-ಜಿ’ ಮೊಬೈಲ್, ಎರಡರಲ್ಲೂ ಅದೇ ಜಿ. ಹಾಗಂತ ವಿಮಾನ ಅಂದರೆ ಹಾರುವ ಅವಕಾಶವೇ? ‘ಜಿ’ಗೆ ‘ಹ್ವೇಯ್’ನಂಥ ಇನ್ನೊಂದು ಅಕ್ಷರ ಸೇರಿದಾಗ ನಿಮ್ಮ ಅವಕಾಶ ಹುಟ್ಟುತ್ತೆ. ಜಾನ್ ಎಫ್. ಕೆನಡಿ 1959ರ ಭಾಷಣದಲ್ಲಿ ಹೇಳಿದರು, ಅಲ್ ಗೋರ್ 2007ರ ನೊಬೆಲ್ ಉಪನ್ಯಾಸದಲ್ಲಿ ಹೇಳಿದರು, ಮ್ಯಾನೇಜ್‌ಮೆಂಟ್ ಭಾಷಣಕಾರರಂತೂ ಬಿಟ್ಟೇ ಇಲ್ಲ. ಚೀನೀ ಭಾಷೆಯ ಅಮೆರಿಕನ್ ವಿದ್ವಾಂಸ ವಿಕ್ಟರ್ ಮೇರ್ ಇದು ತಪ್ಪು ಅಂತ ವಿವರವಾಗಿ ಬರೆದಿದ್ದಾರೆ. ಚೀನೀಯರ ಎದುರಿಗೇ ಅವರ ಪದಕ್ಕೆ ಈ ಅರ್ಥ ಹೇಳಿದರೆ ಮರ್ಯಾದೆಗೆ ನಗುತ್ತಾರೆ ಅಷ್ಟೆ.

ಅದರ ಬದಲು ಅವರೇ ಪ್ರಬಂಧಕ್ಕೆ ತುರುಕುವ ‘ಜಿ-ಯು ಯು ಥ್ಯಾವ್-ಝಾನ್’, ಅಂದರೆ ಅವಕಾಶಗಳೂ ಸವಾಲುಗಳೂ, ಅನ್ನೋದನ್ನ ಹಿಡಿಯಿರಿ. ‘ಆಪರ್ಚುನಿಟೀಸ್ ಅಂಡ್ ಚಾಲೆಂಜಸ್’ ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಯಾರಿಗೆ ಯಾವ ಅವಕಾಶ, ‘ಟು’ ಹಾಕಿ ಕ್ರಿಯಾಪದ ಬರೆಯಿರಿ ಅಂತ ಒತ್ತಾಯ ಮಾಡಿದರೆ ವಾಕ್ಯಕ್ಕೆ ಜೀವ ಬರುತ್ತೆ.

ಜೋಳದರೊಟ್ಟಿ:
ಇನ್ನು ರಿಸ್ಕ್, ಡೇಂಜರ್ ಉಳೀತಲ್ರಿ. ಕಾರ್ಖಾನೆ ಸುರಕ್ಷತಾ ತರಬೇತಿಯೊಳಗ ಇದು ದಿನಾ ಬೇಕಾಗೋದು, ಹಂಗಾಗಿ ಬಿಡಿಸಿ ಹೇಳ್ತೀನಿ.

ಹಝರ್ಡ್ ಅಂದ್ರ ಕೆಡುಕು ಮಾಡೋ ವಸ್ತು. ರಿಸ್ಕ್ ಅಂದ್ರ ಅದರಿಂದ ಕೆಡುಕು ಆಗೋ ಸಂಭವ ಎಷ್ಟು, ಆದ್ರ ಎಷ್ಟು ದೊಡ್ಡದು, ಎರಡೂ ಕೂಡಿದ್ದು. ಬೋನಿನೊಳಗಿನ ಹುಲಿ ಹಝರ್ಡ್. ಬೋನಿನ ಬಾಗಿಲಾ ತಗದಿದ್ರ ರಿಸ್ಕ್ ಏರ್ತದ. ಹುಲಿ ಅದೇ ಹುಲಿ. ಚೀನಿಯೊಳಗ ‘ವೇಯ್-ಶ್ಯೆನ್’ ಅಪಾಯ, ‘ಫಂಗ್-ಶ್ಯೆನ್’ ರಿಸ್ಕ್, ಎರಡು ಪದ ಅದಾವ, ಅದಕ್ಕ ಇದು ಅವರಿಗೆ ಬೇಗ ಹತ್ತತದ.

ತೊಂದರಿ ‘ವೇಯ್-ಶ್ಯೆನ್’ದು. ‘ವೋ ಹನ್ ವೇಯ್-ಶ್ಯೆನ್’ ಅಂದ್ರ ಅಪಾಯದಾಗ ಅದೀನಿ ಅಂತನೂ ಆಗ್ತದ. ಇಂಗ್ಲಿಷ್ನ್ಯಾಗ ‘ಐ ವಾಸ್ ಡೇಂಜರಸ್’ ಅಂದ್ರ ನನ್ನ ಕಂಡ್ರ ಮಂದಿ ಓಡ್ಬೇಕು! ‘ಇನ್ ಡೇಂಜರ್’ ಬೇಕಿತ್ತು.

ಫಲಕದ ಪದಗಳನ್ನೂ ಹೇಳ್ಕೊಡ್ರಿ. ಅಮೆರಿಕದ ಎಎನ್‌ಎಸ್‌ಐ ಝಡ್535 ಮಾನದಂಡದಾಗ ‘ಡೇಂಜರ್’ ಅಂದ್ರ ತಪ್ಪಿಸ್ಕೊಳ್ಳದಿದ್ರ ಸಾವು ಇಲ್ಲಾ ದೊಡ್ಡ ಗಾಯ ಆಗೇ ಆಗ್ತದ, ಅಲ್ಲಿ ‘ವಿಲ್’ ಬಳಸ್ತಾರ. ‘ವಾರ್ನಿಂಗ್’ ಅಂದ್ರ ಅದೇ ಸಾವು-ಗಾಯ, ಆದ್ರ ‘ಕುಡ್’, ಆಗಬಹುದು. ‘ಕಾಷನ್’ ಅಂದ್ರ ಸಣ್ಣ ಇಲ್ಲಾ ಮಧ್ಯಮ ಗಾಯ ಆಗಬಹುದು. ‘ವಿಲ್’ಗೂ ‘ಕುಡ್’ಗೂ ನಡುವಿನ ಅಂತರ ಇದಕ್ಕಿಂತ ಚಂದ ತೋರ್ಸೋ ಉದಾಹರಣಿ ಎಲ್ಲಿ ಸಿಗ್ತದ?

ನಗಬೇಕಂದ್ರ ಚೀನಾದ ಹಳೇ ಫಲಕ: ‘ಶ್ಯಾವ್-ಶಿನ್ ದಿ ಹ್ವಾ’. ಎಚ್ಚರ, ನೆಲ ಜಾರ್ತದ ಅಂತ. ‘ದಿ’ ಅಂದ್ರ ನೆಲ. ಆದ್ರ ಅದೇ ಅಕ್ಷರನ್ನ ಮೆಲ್ಲಕ ‘ದ’ ಅಂತ ಓದಿದ್ರ ನಮ್ಮ ‘ಎಚ್ಚರಿಕೆಯಿಂದ’ದೊಳಗಿನ ‘ಇಂದ’ದಂಥ ಪ್ರತ್ಯಯ. ಹಿಂಗಾಗಿ ‘ಸ್ಲಿಪ್ ಕೇರ್‌ಫುಲಿ’, ಜ್ವಾಕೀಲೆ ಜಾರ್ರಿ, ಅಂತ ಬರದಿದ್ರು! ಸಾರ್ವಜನಿಕ ಫಲಕಗಳ ಇಂಗ್ಲಿಷಿಗೆ ಚೀನಾ ಸರ್ಕಾರ ರಾಷ್ಟ್ರೀಯ ಮಾನದಂಡ ತಂದು 2017ರ ಡಿಸೆಂಬರ್ 1ರಿಂದ ಜಾರಿ ಮಾಡ್ತು.

ಗಿರಗಿಟ್ಲೆ:
ಜ್ವಾಕೀಲೆ ಜಾರ್ರಿ! ಇದನ್ನ ಮರೆಯೋಕಾಗಲ್ಲ.

‘ಅಡ್ವೆಂಚರ್’ ಒಂದು ಉಳಿಯಿತು. ‘ಮಾವ್-ಶ್ಯೆನ್’ ಅಂದರೆ ಅಪಾಯಕ್ಕೆ ಎದೆಯೊಡ್ಡೋದು. ನಿಘಂಟಿನಲ್ಲಿ ಅಡ್ವೆಂಚರ್, ಟೇಕ್ ರಿಸ್ಕ್ಸ್ ಎರಡೂ ಇರುತ್ತವೆ. ಅಡ್ವೆಂಚರ್‌ನಲ್ಲಿ ಖುಷಿ ಇದೆ, ಬೆಟ್ಟ ಹತ್ತೋದು, ಕಾಡು ಸುತ್ತೋದು. ದುಡ್ಡು ಕಳೆಯೋದರಲ್ಲಿ ಖುಷಿ ಇಲ್ಲ. ಅಲ್ಲಿಗೆ ‘ರಿಸ್ಕ್’ ಅನ್ನುವ ಕ್ರಿಯಾಪದ.

ಈ ಕ್ರಿಯಾಪದದ ಮುಂದೆ ಮೂರು ಥರದ್ದು ಬರಬಹುದು, ಇಲ್ಲಿ ನಿಧಾನಿಸಿ. ಪಣಕ್ಕಿಟ್ಟ ವಸ್ತು: ‘ರಿಸ್ಕ್ ಮೈ ಮನಿ’. ಆಗಬಹುದಾದ ಕೆಡುಕು: ‘ರಿಸ್ಕ್ ಲೂಸಿಂಗ್ ಮೈ ಮನಿ’. ಕೆಡುಕು ತರಬಹುದಾದ ಕೆಲಸ: ‘ರಿಸ್ಕ್ ಡ್ರೈವಿಂಗ್ ಅಟ್ ನೈಟ್’. ಮೂರರಲ್ಲೂ ‘ಟು’ ಇಲ್ಲ. ‘ರಿಸ್ಕ್ ಟು ಲೂಸ್’ ಅನ್ನೋದು ಚೀನೀಯರಷ್ಟೇ ನಮ್ಮವರೂ ಮಾಡುವ ತಪ್ಪು. ನಾಮಪದವಾದಾಗ ‘ಟೇಕ್ ಎ ರಿಸ್ಕ್’ ಗೊತ್ತಿದ್ದೂ ಕೈ ಹಾಕೋದು. ‘ರನ್ ದ ರಿಸ್ಕ್ ಆಫ್’ ಗೊತ್ತಿದ್ದೋ ಗೊತ್ತಿಲ್ಲದೆಯೋ ಅಪಾಯಕ್ಕೆ ಒಡ್ಡಿಕೊಂಡಿರೋದು.

‘ದ ಸ್ಟಾಕ್ ಮಾರ್ಕೆಟ್ ಹ್ಯಾಸ್ ರಿಸ್ಕ್’ ಅನ್ನೋದನ್ನೂ ನೋಡುತ್ತೀರಿ. ಅದು ಚೀನಾದ ಹೂಡಿಕೆದಾರರಿಗೆಲ್ಲ ಬಾಯಿಪಾಠವಾದ ಎಚ್ಚರಿಕೆಯ ನೇರ ಅನುವಾದ: ‘ಗು-ಶ್ರ್ ಯೋವ್ ಫಂಗ್-ಶ್ಯೆನ್’, ಷೇರುಪೇಟೆಯಲ್ಲಿ ರಿಸ್ಕ್ ಇದೆ, ಕಾಲಿಡುವಾಗ ಎಚ್ಚರ. ನಮ್ಮ ಟಿವಿಯಲ್ಲಿ ಉಸಿರು ಬಿಡದೆ ಓದುವ ಮ್ಯೂಚುವಲ್ ಫಂಡ್ ಸಾಲಿನ ಚೀನೀ ಅಣ್ಣ ಅನ್ನಿ. ಇಂಗ್ಲಿಷಿನಲ್ಲಿ ‘ಈಸ್ ರಿಸ್ಕಿ’, ‘ಕ್ಯಾರೀಸ್ ರಿಸ್ಕ್’ ಅಥವಾ ‘ಇನ್ವಾಲ್ವ್ಸ್ ರಿಸ್ಕ್’.

ಹಳೇಸೇತುವೆ:
ಬಿಟ್ಟುಹೋದ ಚಿಲ್ಲರೆ ಕೆಲವು, ಬೇಗ ಹೇಳಿ ಮುಗಿಸುತ್ತೇನೆ.

‘ದಾ-ಗಾಯ್’ ಅಂದರೆ ಬಹುಶಃ, ಸುಮಾರು ಎರಡೂ. ‘ವಿ ಹ್ಯಾವ್ ಪ್ರಾಬಬ್ಲಿ ಟ್ವೆಂಟಿ ಸ್ಟೂಡೆಂಟ್ಸ್’ ಅಂತ ಬಂದರೆ ಹೇಳಬೇಕಿದ್ದದ್ದು ‘ಅಬೌಟ್’.

‘ಯಿಂಗ್-ಗಾಯ್’ ಅಂದರೆ ಶುಡ್, ಊಹೆಗೂ ಸರಿ: ‘ದ ಟ್ರೇನ್ ಶುಡ್ ಅರೈವ್ ಅಟ್ ಸಿಕ್ಸ್’. ಆದರೆ ಊಹೆಯ ಶುಡ್ ಸಾಮಾನ್ಯವಾಗಿ ನಿರೀಕ್ಷಿಸಿದ, ಬೇಕಾದ ಫಲಕ್ಕೆ. ‘ದ ಟ್ರೇನ್ ಶುಡ್ ಕ್ರ್ಯಾಶ್’ ಅಂದರೆ ನೀವೇ ಏನೋ ಮಾಡಿಟ್ಟ ಹಾಗಾಗುತ್ತೆ.

‘ಖೋಂಗ್-ಫಾ’ ಅಂದರೆ ‘ಐಯಾಮ್ ಅಫ್ರೇಡ್’, ಬೇಡದ ಸುದ್ದಿಗೆ. ಸಂಭವದ ಪದದ ಹಾಗೆ ಎಲ್ಲದಕ್ಕೂ ಹಚ್ಚಬೇಡಿ.

‘ತ್ಸ್ವೇಯ್-ಹಾವ್’ ಸಂಭವದ ಪದ ಅಲ್ಲ, ಆದರೂ ಸೇರಿಸಿ. ‘ಹೀಗೆ ಮಾಡಿದರೆ ಒಳ್ಳೇದು’ ಅನ್ನುವ ಮೃದು ಸಲಹೆ. ‘ಯೂ ಹ್ಯಾಡ್ ಬೆಟರ್’ ಅಂತ ಕಲಿತಿರುತ್ತಾರೆ, ಅದರಲ್ಲಿ ‘ಇಲ್ಲಾಂದ್ರೆ ನೋಡು’ ಅನ್ನುವ ಬೆದರಿಕೆ ಅಡಗಿದೆ. ಬಾಸ್‌ಗೆ ಹೇಳಿದರೆ ಕೆಲಸಕ್ಕೇ ರಿಸ್ಕ್.

‘ವಾನ್-ಯಿ’, ಅಕ್ಷರಶಃ ಹತ್ತು ಸಾವಿರದಲ್ಲಿ ಒಂದು. ಇದಕ್ಕೆ ‘ಇನ್ ಕೇಸ್’. ‘ಟೇಕ್ ಆನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಸ್’ ಅಂದರೆ ಮಳೆ ಬರಲಿ ಬಿಡಲಿ ಕೊಡೆ ಈಗಲೇ ಕೈಯಲ್ಲಿರುತ್ತೆ. ‘ಇಫ್’ ಆದರೆ ಮಳೆ ಬಂದಮೇಲೆ ಕೊಡೆ. ಕನ್ನಡದಲ್ಲಿ ‘ಮಳೆ ಬಂದ್ರೆ ಅಂತ ಕೊಡೆ ತಗೊಂಡೆ’, ಆ ‘ಅಂತ’ ಮಾಡುವ ಕೆಲಸವೇ ಇದು.

ಅಲ್ಪವಿರಾಮ:
ಉಚ್ಚಾರಣೆಗೆ ಏನಾದರೂ? ‘ರಿಸ್ಕ’ ಅಂತಲೋ ಬರೀ ‘ರಿಸ್’ ಅಂತಲೋ ಕೇಳಿಸುತ್ತೆ.

ಗಿರಗಿಟ್ಲೆ:
ಮ್ಯಾಂಡರಿನ್‌ನಲ್ಲಿ, ಅಂದರೆ ನಾವಿಲ್ಲಿ ಚೀನೀ ಅನ್ನುತ್ತಿರುವ ಭಾಷೆಯಲ್ಲಿ, ಉಚ್ಚಾರಾಂಶ ಸ್ವರದಲ್ಲೋ ನ್, ಙ್ ಧ್ವನಿಯಲ್ಲೋ, ಕೆಲವೊಮ್ಮೆ ನಾಲಿಗೆ ಮಡಿಚಿದ ರ್‌ನಲ್ಲೋ ಮುಗಿಯುತ್ತೆ. ಕೊನೆಗೆ ಸ್ಕ್ ಬಂದರೆ ಸ್ವರ ಅಂಟಿಸುತ್ತಾರೆ, ಇಲ್ಲಾ ಕ್ ನುಂಗುತ್ತಾರೆ. ನಾವು ‘ರಿಸ್ಕು’, ‘ಬಸ್ಸು’ ಅನ್ನೋದೂ ಅದೇ ಉಪಾಯ, ನಗೋ ಹಾಗಿಲ್ಲ. ಒಂಟಿ ಪದ ಹೇಳಿಸಬೇಡಿ. ಸ್ವರದಿಂದ ಶುರುವಾಗುವ ಪದ ಜೋಡಿಸಿ, ‘ರಿಸ್-ಕವ್’ ಅಂತ ‘ರಿಸ್ಕ್ ಆಫ್’ ಹೇಳಿಸಿ. ಕ್ ಮುಂದಿನ ಪದದ ಹೆಗಲೇರಿ ತಾನೇ ಬರುತ್ತೆ. ‘ಚಾನ್ಸ್’ ‘ಚೇಂಜ್’ ಕಲಸಿಹೋಗದಂತೆ ಕೊನೆಯ ಸ್ ಎಳೆಸಿ. ಸಿಚುವಾನ್, ಹುನಾನ್ ಕಡೆಯ ಕೆಲವರಿಗೆ ನ, ಲ ಒಂದೇ ಥರ, ‘ಲೈಕ್ಲಿ’ ‘ನೈಕ್ಲಿ’ ಆಗಬಹುದು. ಮೂಗು ಹಿಡಿದುಕೊಂಡು ಹೇಳಿಸಿ: ಲ ಆದರೆ ಸರಾಗ ಬರುತ್ತೆ, ನ ಆದರೆ ಕಟ್ಟಿಕೊಳ್ಳುತ್ತೆ.

ತರಗತಿಗೆ ಹೀಗೆ ಮಾಡಬಹುದು. 24 ಚೀಟಿ, ಒಂದೊಂದರಲ್ಲಿ ಒಂದು ಘಟನೆ ಚೀನಿಯಲ್ಲಿ: 8 ಒಳ್ಳೇದು, 8 ಕೆಟ್ಟದ್ದು, 8 ಬಣ್ಣವಿಲ್ಲದ್ದು. ಜೋಡಿಗೆ ಆರು ಚೀಟಿ. ಮೊದಲು ಯಾವ ಗುಂಪು ಅಂತ ಬೇರ್ಪಡಿಸಲಿ, ಆಮೇಲೆ ನಾಮಪದ, ಆಮೇಲೆ ಬಾಲ, ಕೊನೆಗೆ ವಿಶೇಷಣ. ಈ ಕ್ರಮ ಮುರಿಯಬೇಡಿ. ನೇರ ಅನುವಾದಕ್ಕೆ ಬಿಟ್ಟರೆ ‘ಬಿಗ್ ಆಪರ್ಚುನಿಟಿ’ ಮತ್ತೆ ಹಾಜರ್. ಇದಕ್ಕೆ 25 ನಿಮಿಷ. ಉಳಿದ 20 ನಿಮಿಷದಲ್ಲಿ ‘ಈಸ್ … ಟು’, ‘ಇಟ್ ಈಸ್ … ದಟ್’ ಎರಡು ಚೌಕಟ್ಟು. ನಿಷೇಧದ ನಾಲ್ಕು ಸಾಲು, ವಿಲ್-ಕ್ಯಾನ್, ರಿಸ್ಕ್ ಕ್ರಿಯಾಪದ ಎರಡನೇ ದಿನಕ್ಕೆ. ಮೇಬಿಯನ್ನ ಎರಡೂ ದಿನ ನಿಷೇಧಿಸಿ. ಅದು ಕೈಗೆ ಸಿಕ್ಕರೆ ಬೇರೆ ಯಾವುದನ್ನೂ ಮುಟ್ಟಲ್ಲ.

ಅಲ್ಪವಿರಾಮ:
ಒಂದೇ ಒಂದು ಕೊನೆಯ ಅನುಮಾನ. ಐದನೇ ವಾಕ್ಯಕ್ಕೆ ‘ಇನ್ ಡೇಂಜರ್’ ಅಂದಿರಿ. ‘ಅಟ್ ರಿಸ್ಕ್’ ಅಂದರೂ ಆಗುತ್ತಾ?

ಜೋಳದರೊಟ್ಟಿ:
ಆಗೂದಿಲ್ರಿ. ‘ಅಟ್ ರಿಸ್ಕ್’ ಅಂದ್ರ ಮುಂದ ಆಗೋ ಸಂಭವ ಅದ, ಇವತ್ತ ಏನೂ ಆಗಿಲ್ಲ: ಬಿಪಿ ಇದ್ದವ್ರು ಹೃದಯಾಘಾತಕ್ಕ ‘ಅಟ್ ರಿಸ್ಕ್’. ಕಾರು ಮೈಮ್ಯಾಲೆ ಬರಾಕತ್ತಿದ್ರ ‘ಇನ್ ಡೇಂಜರ್’. ಹೊಳಿಯಾಗ ಮುಳುಗಾಕತ್ತಾಂವ ‘ಐ ಆಮ್ ಅಟ್ ರಿಸ್ಕ್’ ಅಂತ ಕೂಗಿದ್ರ ದಂಡೀ ಮ್ಯಾಲಿನ ಮಂದಿ ವಿಮಾ ಏಜೆಂಟ್ ಅನ್ಕೊಂಡು ಹೊಂಟುಬಿಡ್ತಾರ.